ಕೂಸು ನೀರು ಕುಡಿದಿರಲಿಲ್ಲ: ಸಿಸೇರಿಯನ್ ಆದ ಮೇಲಿನ ಏದುಸಿರಿನ ಒಂದು ಪ್ರಕರಣ

"ಕೂಸು ನೀರು ಕುಡಿದೈತಂತ್ರಿ." ನಮ್ಮ ಘಟಕದ ಬಾಗಿಲಲ್ಲಿ ಆ ಅಜ್ಜಿ ಹೇಳಿದ ಮೊದಲ ಮಾತು ಇದು. ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗಂಡು ಕೂಸು. ಹುಟ್ಟಿ ಮೂರು ತಾಸು ಕೂಡ ಆಗಿರಲಿಲ್ಲ. ಹಿಂದೆ ರೆಫರಲ್ ಚೀಟಿ ಹಿಡಿದುಕೊಂಡು ಅಪ್ಪ ನಿಂತಿದ್ದ. ಅವನ ಹಿಂದೆ ಕೂಸಿನ ದೊಡ್ಡಪ್ಪ, ಫೋನಿನಲ್ಲಿ ಯಾರಿಗೋ ಜೋರಾಗಿ ವಿಷಯ ಹೇಳುತ್ತಿದ್ದ.

ನಾನು ಕೊಪ್ಪಳ ಜಿಲ್ಲೆಯಲ್ಲಿ ನವಜಾತ ಶಿಶು ಘಟಕದ ನರ್ಸ್. 'ಕೂಸನ್ನ ಪೆಟಗಿಯೊಳಗ ಇಟ್ಟಾರ' ಅಂತ ಜನ ಹೇಳುತ್ತಾರಲ್ಲ, ಆ ಜಾಗ. ನಿಜಕ್ಕೂ ಇಲ್ಲಿ ಪೆಟ್ಟಿಗೆಗಿಂತ ಮೇಲಿಂದ ಶಾಖ ಕೊಡುವ ತೆರೆದ ವಾರ್ಮರ್‌ಗಳೇ ಜಾಸ್ತಿ. ಈ ಪ್ರಕರಣ ಅಪರೂಪದ್ದೇನಲ್ಲ, ಇಂಥ ಕೂಸುಗಳು ಬರುತ್ತಲೇ ಇರುತ್ತವೆ. ಆದರೆ ಇದರಲ್ಲಿ ನಾವು ಮಾಡಿದ ಕೆಲಸ ಕಡಿಮೆ, ಕಾದಿದ್ದು ಜಾಸ್ತಿ. ಕಾಯುವುದು ಹೊರಗೆ ನಿಂತವರಿಗೆ ಹೇಗೆ ಕಾಣುತ್ತದೆ ಅನ್ನೋದು ನನಗೆ ಅವತ್ತು ಚೆನ್ನಾಗಿ ಗೊತ್ತಾಯಿತು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ದಿನ ಹೇಗೆ ಗೊತ್ತಾಯಿತು

ತಾಯಿಗೆ 25 ವರ್ಷ. ಎರಡನೇ ಹೆರಿಗೆ. ಮೊದಲನೆಯದೂ ಸಿಸೇರಿಯನ್ನೇ, ಹಾಗಾಗಿ ಇದಕ್ಕೂ ಆಪರೇಷನ್ ಅಂತ ಮೊದಲೇ ತೀರ್ಮಾನ ಆಗಿತ್ತು. ಬಿಪಿ ಇಲ್ಲ, ಶುಗರ್ ಇಲ್ಲ, ಜ್ವರ ಇಲ್ಲ. ನೀರು ಒಡೆದಿರಲಿಲ್ಲ. ಹೆರಿಗೆ ನೋವೂ ಶುರುವಾಗಿರಲಿಲ್ಲ. ತಾಯಿ ಕಾರ್ಡಿನ ಲೆಕ್ಕಕ್ಕೆ 37 ವಾರ 2 ದಿನ.

ಇಷ್ಟು ಬೇಗ ಯಾಕೆ? ಮುಹೂರ್ತ ನೋಡಿಸಿರಬೇಕು ಅಂದುಕೊಂಡೆ. ಅಮಾವಾಸ್ಯೆ ತಪ್ಪಿಸೋಕೆ ಆಪರೇಷನ್ ಹಿಂದೆ ಮುಂದೆ ಮಾಡಿಸೋದು ನಮ್ಮ ಕಡೆ ಹೊಸದಲ್ಲ. ಆದರೆ ಇಲ್ಲಿ ಕಾರಣ ಬೇರೆ ಇತ್ತು. ಇವರದು ಕಾರಟಗಿ ಕಡೆಯ ಊರು, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ನೆಲ್ಲು ಬೆಳೆಯುವವರು. ಏಪ್ರಿಲ್ ಎರಡನೇ ವಾರಕ್ಕೆ ಕಟಾವು ಮಷಿನ್ ಬುಕ್ ಆಗಿತ್ತು. ಆಮೇಲೆ ಮನೆಯಲ್ಲಿ ಒಂದು ಕೈಯೂ ಖಾಲಿ ಇರೋದಿಲ್ಲ. ಆಸ್ಪತ್ರೆಯಲ್ಲಿ ಬಾಣಂತಿ ಹತ್ತಿರ ಯಾರು ಕೂರಬೇಕು? ಅದಕ್ಕೆ ಏಪ್ರಿಲ್ ಮೊದಲ ವಾರದಲ್ಲೇ ಮುಗಿಸಿಬಿಡೋಣ ಅಂದರು. ಗಂಗಾವತಿಯ ಒಂದು ನರ್ಸಿಂಗ್ ಹೋಂನವರು ಹೂಂ ಅಂದರು. ಉಸಿರಿನ ತೊಂದರೆ ಕಡಿಮೆಯಾಗುವ 39 ವಾರ ತುಂಬೋಕೆ ಇನ್ನೂ 12 ದಿನ ಇತ್ತು. ಆ 12 ದಿನ ಯಾರಿಗೂ ದೊಡ್ಡದು ಅನ್ನಿಸಲಿಲ್ಲ. 'ಒಂಬತ್ತು ತಿಂಗಳು ತುಂಬೈತಲ್ರಿ' ಅನ್ನೋದು ಅವರ ಲೆಕ್ಕ. ತಪ್ಪು ಲೆಕ್ಕ ಅಂತ ಅವರನ್ನು ಬೈಯೋಕೆ ನನಗೆ ಮನಸ್ಸು ಬರಲ್ಲ, ಅವರಿಗೆ ಬೇರೆ ಲೆಕ್ಕ ಯಾರೂ ಹೇಳಿರಲಿಲ್ಲ.

ಬೆಳಿಗ್ಗೆ 10:40ಕ್ಕೆ ಕೂಸು ಹುಟ್ಟಿತು. ತೂಕ 2.8 ಕೆಜಿ. ತಕ್ಷಣ ಅತ್ತಿತು, ಬಣ್ಣ ಚೆನ್ನಾಗಿತ್ತು. ಮುಕ್ಕಾಲು ತಾಸಿಗೆ ಉಸಿರು ಜೋರಾಯಿತು. ಪ್ರತಿ ಉಸಿರು ಬಿಡುವಾಗಲೂ 'ಉಂ... ಉಂ...' ಅನ್ನೋ ಸಣ್ಣ ನರಳಾಟ. ಅಲ್ಲಿಯವರು ಆಕ್ಸಿಜನ್ ಹಚ್ಚಿ, ತಾಸು ನೋಡಿ, ಆಂಬ್ಯುಲೆನ್ಸಿನಲ್ಲಿ ಕಳಿಸಿದರು. ತಾಯಿ ಅಲ್ಲೇ ಉಳಿದಳು, ಹೊಲಿಗೆ ಹಸಿ ಇತ್ತಲ್ಲ.

ಬಂದಾಗ ಕಂಡಿದ್ದು

ಹೊರಗೆ 40 ಡಿಗ್ರಿ ಬಿಸಿಲು. ಕೂಸಿನ ಮೈ ಮುಟ್ಟಿದರೆ ತಣ್ಣಗೆ, ಥರ್ಮಾಮೀಟರಿನಲ್ಲಿ 36.1. ಆಪರೇಷನ್ ಥಿಯೇಟರಿನ ಏಸಿ, ಗಾಡಿಯ ಏಸಿ, ಮೇಲೊಂದು ತೆಳ್ಳನೆ ಟವೆಲ್ಲು. ನಮ್ಮ ಕಡೆಯ ಬೇಸಿಗೆಯಲ್ಲೂ ಕೂಸಿಗೆ ಚಳಿ ಹಿಡಿಯುತ್ತದೆ ಅಂದರೆ ಯಾರೂ ನಂಬೋದಿಲ್ಲ. ಮೈ ತಣ್ಣಗಾದ ಕೂಸಿಗೆ ಆಕ್ಸಿಜನ್ ಜಾಸ್ತಿ ಬೇಕು, ಸಕ್ಕರೆ ಬೇಗ ಖರ್ಚಾಗುತ್ತದೆ, ಉಸಿರಾಟ ಇನ್ನೂ ಕೆಡುತ್ತದೆ. ಆದ್ದರಿಂದ ಮೊದಲ ಚಿಕಿತ್ಸೆ ಶಾಖ. ವಾರ್ಮರಿಗೆ ಹಾಕಿ ಟೋಪಿ ಹಾಕಿದೆ.

ರಕ್ತದ ಸಕ್ಕರೆ 52, ಸಾಕು. ಬರಿ ಗಾಳಿಯಲ್ಲಿ, ಬಲಗೈಯಲ್ಲಿ ಅಳೆದ ರಕ್ತದ ಆಕ್ಸಿಜನ್ ಮಟ್ಟ 87. ಮೂಗಿನ ಹೊಳ್ಳೆ ಅರಳುತ್ತಿತ್ತು. ಪಕ್ಕೆಲುಬುಗಳ ನಡುವೆ ಚರ್ಮ ಒಳಗೆ ಸೆಳೆದುಕೊಳ್ಳುತ್ತಿತ್ತು. ಆ 'ಉಂ' ಸ್ಟೆತಸ್ಕೋಪ್ ಇಲ್ಲದೆಯೂ ಕೇಳುತ್ತಿತ್ತು. ಅಜ್ಜಿ ಅದನ್ನು ಕೂಸು ಗುನುಗುತ್ತಿದೆ ಅಂದುಕೊಂಡಿದ್ದಳು. ಅದು ಕೂಸು ತನ್ನ ಗಂಟಲನ್ನು ಅರ್ಧ ಮುಚ್ಚಿ, ಒಳಗಿನ ಗಾಳಿ ಪೂರ್ತಿ ಖಾಲಿಯಾಗದ ಹಾಗೆ ಹಿಡಿದಿಟ್ಟುಕೊಳ್ಳುವ ಸದ್ದು. ಯಾರೂ ಹೇಳಿಕೊಡದೆ ಕೂಸು ತಾನೇ ಮಾಡಿಕೊಳ್ಳುವ ಉಪಾಯ.

ಈ ಲಕ್ಷಣಗಳಿಗೆ ಅಂಕ ಕೊಡುವ ಪದ್ಧತಿ ಇದೆ. 1956ರಲ್ಲಿ ಸಿಲ್ವರ್‌ಮನ್ ಮತ್ತು ಆಂಡರ್ಸನ್ ಮಾಡಿಟ್ಟದ್ದು. ಐದು ಲಕ್ಷಣ, ಒಂದೊಂದಕ್ಕೆ ಸೊನ್ನೆಯಿಂದ ಎರಡು, ಒಟ್ಟು ಹತ್ತು. ಅಂಕ ಜಾಸ್ತಿ ಆದಷ್ಟೂ ಕಷ್ಟ ಜಾಸ್ತಿ. ಈ ಕೂಸಿಗೆ 5 ಬಂತು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಗಡಿಬಿಡಿಯಲ್ಲಿ ಮಾನಿಟರ್ ತೋರಿಸಿದ 68 ಅನ್ನೋ ಉಸಿರಿನ ಸಂಖ್ಯೆಯನ್ನೇ ಕೇಸ್ ಶೀಟಿನಲ್ಲಿ ಬರೆದೆ. ಅಜ್ಜಿಗೆ 'ಇನ್ನೊಂದೆರಡು ತಾಸಿಗೆ ನಳಿಗೆಯಲ್ಲಿ ಹಾಲು ಹಾಕಬಹುದು' ಅಂತಲೂ ಹೇಳಿಬಿಟ್ಟೆ. ಡಾಕ್ಟರ್ ಶೀಟು ನೋಡಿ ಕೇಳಿದರು, "ಇದು ನೀವು ಎಣಿಸಿದ್ದಾ, ಮಷಿನ್ ಹೇಳಿದ್ದಾ?" ನಾನು ಸುಮ್ಮನಾದೆ. ವಾರ್ಮರ್ ಪಕ್ಕ ನಿಂತು ಹೊಟ್ಟೆ ಏಳೋದನ್ನೇ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದೆ. 86.

ಹಸುಗೂಸಿನ ಉಸಿರು ಒಂದೇ ತಾಳದಲ್ಲಿ ಇರಲ್ಲ. ಹತ್ತು ಸಲ ಬಡಬಡ ಆಡಿ, ಒಂದು ಗಳಿಗೆ ನಿಂತು, ಮತ್ತೆ ಶುರುಮಾಡುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಏನು ಬೇಕಾದರೂ ಬರಬಹುದು. ಕೈಕಾಲು ಆಡಿಸಿದರೆ ಮಷಿನ್ ಕೂಡ ಮೋಸ ಹೋಗುತ್ತದೆ. 40ರಿಂದ 60 ಸರಿ, 60 ದಾಟಿದರೆ ಜೋರು. 80 ದಾಟಿದ ಕೂಸಿಗೆ ಹಾಲು ಹಾಕಲ್ಲ, ಉಸಿರಿನ ಕಡೆ ಹೋಗಿಬಿಡಬಹುದು ಅನ್ನೋ ಭಯ. 68ಕ್ಕೂ 86ಕ್ಕೂ ಇರುವ ಅಂತರ ಅಷ್ಟು ದೊಡ್ಡದು. ಅಜ್ಜಿ ಹತ್ತಿರ ಹೋಗಿ ಮಾತು ವಾಪಸ್ ತಗೊಂಡೆ. ಅಲ್ಲಿಂದಲೇ ಅವಳಿಗೆ ನನ್ನ ಮೇಲೆ ಅನುಮಾನ ಶುರುವಾಯಿತು, ಅದು ನ್ಯಾಯವೇ.

ಗುಳುಗುಳು ಬಾಟಲಿ

ಡಾಕ್ಟರ್ ಸಿಪ್ಯಾಪ್ ಹಾಕಿಸಿದರು. ಹೆಸರು ದೊಡ್ಡದು, ಕೆಲಸ ಸರಳ. ಮೂಗಿನ ಎರಡೂ ಹೊಳ್ಳೆಗೆ ಮೆತ್ತನೆ ನಳಿಗೆ. ಅದರಲ್ಲಿ ಬೆಚ್ಚಗಿನ ತೇವದ ಗಾಳಿ, ಜೊತೆಗೆ ಬೇಕಾದಷ್ಟು ಆಕ್ಸಿಜನ್. ಗಾಳಿ ಹೊರಹೋಗುವ ಪೈಪಿನ ತುದಿ ಒಂದು ನೀರಿನ ಬಾಟಲಿಯಲ್ಲಿ 5 ಸೆಂಟಿಮೀಟರ್ ಮುಳುಗಿರುತ್ತದೆ. ಎಷ್ಟು ಆಳ ಮುಳುಗಿದೆಯೋ ಅಷ್ಟು ಒತ್ತಡ ಕೂಸಿನ ಎದೆಯಲ್ಲಿ ಉಳಿಯುತ್ತದೆ. ಗಂಟಲು ಮುಚ್ಚಿ 'ಉಂ' ಅಂತ ಕೂಸು ಪಡುತ್ತಿದ್ದ ಕಷ್ಟವನ್ನು ಈ ಬಾಟಲಿ ವಹಿಸಿಕೊಳ್ಳುತ್ತದೆ. ಬಾಟಲಿ ಗುಳುಗುಳು ಅನ್ನುತ್ತಿದ್ದರೆ ಸರಿ. ಸದ್ದು ನಿಂತರೆ ಎಲ್ಲೋ ಗಾಳಿ ಸೋರುತ್ತಿದೆ ಅಂತ ಅರ್ಥ. ರಾತ್ರಿ ಪಾಳಿಯಲ್ಲಿ ನಮ್ಮ ಕಿವಿ ಆ ಸದ್ದಿಗೇ ಕಟ್ಟಿಹಾಕಿದ ಹಾಗಿರುತ್ತದೆ.

ಕೊಡುವ ಗಾಳಿಯಲ್ಲಿ 30 ಪರ್ಸೆಂಟ್ ಆಕ್ಸಿಜನ್ ಇಟ್ಟಾಗ ಕೂಸಿನ ರಕ್ತದ ಅಳತೆ 93ಕ್ಕೆ ನಿಂತಿತು. ಬಾಯಿಗೆ ಏನೂ ಇಲ್ಲ. ಕೈಗೆ ಗ್ಲೂಕೋಸ್ ಸಲೈನ್, ದಿನಕ್ಕೆ ಕೆಜಿಗೆ 60 ಎಂಎಲ್ ಲೆಕ್ಕದಲ್ಲಿ ತಾಸಿಗೆ 7 ಎಂಎಲ್.

ಎಕ್ಸ್‌ರೇಯಲ್ಲಿ ಶ್ವಾಸಕೋಶ ಎರಡೂ ಕಡೆ ತುಸು ಜಾಸ್ತಿಯೇ ಉಬ್ಬಿತ್ತು. ಹೃದಯದ ಪಕ್ಕದಿಂದ ಹೊರಕ್ಕೆ ಗೆರೆಗಳು. ಬಲಗಡೆ ಶ್ವಾಸಕೋಶದ ಭಾಗಗಳ ನಡುವೆ ತೆಳ್ಳಗೆ ಒಂದು ಬಿಳಿ ಗೀಟು, ಅಲ್ಲಿ ನೀರು ನಿಂತಿತ್ತು. ಗಾಳಿ ಸೋರಿಕೆ ಇಲ್ಲ. ತಿಂಗಳು ತುಂಬದ ಶ್ವಾಸಕೋಶದಲ್ಲಿ ಕಾಣುವ ಮಂಜು ಮುಸುಕಿದ ಹಾಗಿನ ಬಿಳುಪೂ ಇಲ್ಲ. ಕೈಯ ಮತ್ತು ಕಾಲಿನ ಆಕ್ಸಿಜನ್ ಹೆಚ್ಚುಕಮ್ಮಿ ಒಂದೇ. ಎದೆಬಡಿತದಲ್ಲಿ ಬೇರೆ ಸದ್ದಿಲ್ಲ, ತೊಡೆಸಂದಿಯ ನಾಡಿ ಚೆನ್ನಾಗಿದೆ, ಅಂದರೆ ಹೃದಯದ ಕಾಯಿಲೆಯ ಸುಳಿವಿಲ್ಲ. ರಕ್ತ ಪರೀಕ್ಷೆಗೆ ಹೋಯಿತು, ರೋಗಾಣು ಬೆಳೆಯುತ್ತದಾ ಅಂತ ನೋಡುವ ಕಲ್ಚರ್ ಕೂಡ.

ಡಾಕ್ಟರ್ ಶೀಟಿನಲ್ಲಿ 'ಟಿಟಿಎನ್?' ಅಂತ ಪ್ರಶ್ನೆ ಗುರುತು ಹಾಕಿ ಬರೆದರು. ಹುಟ್ಟಿದ ಕೂಸಿಗೆ ಸ್ವಲ್ಪ ದಿನ ಇದ್ದು ಹೋಗುವ ಏದುಸಿರು. ಆ ಪ್ರಶ್ನೆ ಗುರುತು ಮುಖ್ಯ. ಈ ಕಾಯಿಲೆಯ ಹೆಸರು ಖಾತ್ರಿಯಾಗೋದು ಅದು ವಾಸಿಯಾದ ಮೇಲೆ. ಸೋಂಕು ಕೂಡ ಮೊದಲ ತಾಸುಗಳಲ್ಲಿ ಹೀಗೇ ಕಾಣಿಸಬಹುದು. ಎಲ್ಲ ಬಿಟ್ಟು ಉಳಿದದ್ದು ಟಿಟಿಎನ್.

ಸಂಜೆ ಆರು ಗಂಟೆ

ಆರು ಗಂಟೆಗೆ ಉಸಿರು ಎಣಿಸಿದಾಗ 92. ಬಂದಾಗಿಗಿಂತ ಜಾಸ್ತಿ.

ದೊಡ್ಡಪ್ಪ ಬಾಗಿಲಿಗೆ ಬಂದ. "ಬಂದಾಗಿಂದ ಒಂದು ಇಂಜೆಕ್ಷನ್ ಹಾಕಿಲ್ಲ ನೀವು. ಬರೇ ಎಣಸಾಕತ್ತೀರಿ. ನಾವು ಬಳ್ಳಾರಿಗೆ ಒಯ್ತೀವಿ." ಅಜ್ಜಿ ಪಕ್ಕದಲ್ಲಿ ಮೆಲ್ಲಗೆ, "ಹೊಟ್ಟಿ ಹಾರಾಕತ್ತೈತ್ರಿ ಅಕ್ಕಾರ. ನಮ್ಮೂರಾಗ ಹಿಂಗಾದ್ರ ಬರಿ ಹಾಕ್ತಿದ್ರು. ಬ್ಯಾಡ ಅಂದ್ರ ನಾಲಿಗಿಗೆ ಒಂದ್ ಹನಿ ಔಡಲೆಣ್ಣಿನಾರ ಹಚ್ರಿ."

ಬರೆ ಹಾಕಿಸಿಕೊಂಡು ಬಂದ ಕೂಸುಗಳನ್ನ ನೋಡಿದ್ದೇನೆ. ಹೊಟ್ಟೆ ಮೇಲೆ ಸುಟ್ಟ ಗುರುತು, ಅದಕ್ಕೆ ಸೋಂಕು. ಎಣ್ಣೆ ಉಸಿರಿನ ದಾರಿಗೆ ಇಳಿದರೆ ಅದೇ ಒಂದು ನ್ಯುಮೋನಿಯಾ. ಎರಡಕ್ಕೂ ಬೇಡ ಅಂದೆ. ಆದರೆ ಅವಳ ಕಣ್ಣಲ್ಲಿ ಇದ್ದದ್ದು ಮೂಢನಂಬಿಕೆ ಅಲ್ಲ. ಎದುರಿಗೆ ಕೂಸು ಒದ್ದಾಡುತ್ತಿರುವಾಗ ಯಾರಾದರೂ ಏನಾದರೂ ಮಾಡಲಿ ಅನ್ನೋದು. ದೊಡ್ಡಪ್ಪನ ಇಂಜೆಕ್ಷನ್ನೂ ಅದೇ ಅಲ್ವಾ?

ಡಾಕ್ಟರ್ ಮೂವರನ್ನೂ ಕೂರಿಸಿ ಸಂಖ್ಯೆಗಳನ್ನೇ ಮುಂದಿಟ್ಟರು. ಈಗ 30 ಪರ್ಸೆಂಟ್ ಆಕ್ಸಿಜನ್ ಸಾಕಾಗ್ತಿದೆ. ಇದು 40 ದಾಟಿದರೆ, ಇಲ್ಲಾ ಉಸಿರು ನಿಂತು ನಿಂತು ಬಂದರೆ, ನೀವು ಕೇಳೋಕೆ ಮೊದಲೇ ನಾನೇ ಗಾಡಿ ಕರೆಸಿ ವೆಂಟಿಲೇಟರ್ ಇರೋ ಕಡೆ ಕಳಿಸ್ತೀನಿ. ತಾಯಿಗೆ ಜ್ವರ ಇರಲಿಲ್ಲ, ನೀರು ಮೊದಲೇ ಒಡೆದಿರಲಿಲ್ಲ, ಸೋಂಕಿನ ಗುಮಾನಿ ಕಡಿಮೆ. ನಾಳೆ ಇಷ್ಟೊತ್ತಿಗೆ ಇಳಿಮುಖ ಆಗದಿದ್ದರೆ, ಇಲ್ಲಾ ಕೂಸು ಮಂಕಾದರೆ ಆಂಟಿಬಯೋಟಿಕ್ ಶುರುಮಾಡ್ತೀವಿ. ನೀರು ಇಳಿಸೋ ಲಾಸಿಕ್ಸ್ ಇಂಜೆಕ್ಷನ್ ಇದೆ, ಈ ಕಾಯಿಲೆಗೆ ಅದರಿಂದ ಉಪಯೋಗ ಕಂಡಿಲ್ಲ. ಗಾಡಿಯಲ್ಲಿ ಎರಡು ತಾಸು ಅಲುಗಾಡಿಸೋದರಿಂದ ಈಗ ನಷ್ಟವೇ ಜಾಸ್ತಿ.

ದೊಡ್ಡಪ್ಪ ಒಪ್ಪಿದ ಅಂತ ಹೇಳಲಾರೆ. 40 ಅನ್ನೋ ಸಂಖ್ಯೆಯನ್ನ ಮಾತ್ರ ನೆನಪಿಟ್ಟುಕೊಂಡ. ಆಮೇಲೆ ತಾಸಿಗೊಮ್ಮೆ ಬಂದು ಗಾಜಿನಾಚೆಯಿಂದ ಬೆರಳೆತ್ತಿ ಕೇಳುತ್ತಿದ್ದ. ನಾನು ಒಳಗಿಂದ ಮೂರು ಬೆರಳು ತೋರಿಸುತ್ತಿದ್ದೆ. ಮೂವತ್ತೇ ಇದೆ ಅಂತ.

ಆ ನೀರು ಯಾರದು

ಅಪ್ಪ ಮಾತ್ರ ಬೇರೆ ಪ್ರಶ್ನೆ ಕೇಳಿದ. "ಅದು ನೀರು ಕುಡಿದದ್ದು ಹೆಂಗ್ರಿ? ಡಾಕ್ಟರ್ ತಪ್ಪೇನ್ರಿ?"

ಕೂಸು ನೀರು ಕುಡಿದಿರಲಿಲ್ಲ. ಹೊಟ್ಟೆಯಲ್ಲಿರುವಾಗ ಶ್ವಾಸಕೋಶ ಖಾಲಿ ಇರೋದಿಲ್ಲ, ತಾನೇ ನೀರು ಒಸರಿಸಿಕೊಂಡು ಅದರಲ್ಲೇ ಬೆಳೆಯುತ್ತದೆ. ತಿಂಗಳು ತುಂಬಿದಾಗ ಕೆಜಿ ತೂಕಕ್ಕೆ 20–30 ಎಂಎಲ್‌ನಷ್ಟು ಇರುತ್ತದೆ. ಗಾಳಿ ಬರಬೇಕಾದರೆ ಈ ನೀರು ಹೋಗಬೇಕು. ಹೆರಿಗೆ ದಾರಿಯಲ್ಲಿ ಎದೆ ಹಿಂಡಿ ನೀರೆಲ್ಲ ಬಾಯಿಂದ ಹೋಗುತ್ತದೆ ಅಂತ ಹಿಂದೆ ನಮಗೂ ಪಾಠ ಹೇಳಿದ್ದರು. ಅದರಿಂದ ಹೋಗೋದು ಸ್ವಲ್ಪ. ದೊಡ್ಡ ಕೆಲಸ ನಡೆಯೋದು ಹೆರಿಗೆ ನೋವು ಶುರುವಾದಾಗ. ಆ ಒತ್ತಡಕ್ಕೆ ಕೂಸಿನ ಮೈಯಲ್ಲಿ ಅಡ್ರಿನಾಲಿನ್ ಏರುತ್ತದೆ. ಶ್ವಾಸಕೋಶದ ಜೀವಕೋಶಗಳು ನೀರು ಒಸರಿಸೋದು ಬಿಟ್ಟು ಉಪ್ಪನ್ನು ಒಳಕ್ಕೆ ಎಳೆಯತೊಡಗುತ್ತವೆ. ಉಪ್ಪು ಹೋದ ಕಡೆ ನೀರು. ನೋವೇ ಬಾರದೆ ಹೊಟ್ಟೆ ಕೊಯ್ದು ತೆಗೆದರೆ ಈ ತಯಾರಿ ಅರ್ಧಕ್ಕೇ ನಿಲ್ಲುತ್ತದೆ. 37ನೇ ವಾರದಲ್ಲಿ ಇನ್ನೂ ಕಡಿಮೆ ತಯಾರಿ. ಉಳಿದ ನೀರನ್ನ ಕೂಸು ಹುಟ್ಟಿದ ಮೇಲೆ ನಿಧಾನಕ್ಕೆ ಬಸಿದುಕೊಳ್ಳಬೇಕು. ಹೆಚ್ಚಿನವಕ್ಕೆ ಒಂದರಿಂದ ಮೂರು ದಿನ ಸಾಕು. 1966ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೊತೆಯವರು ಇದನ್ನ ಬೇರೆ ಕಾಯಿಲೆಗಳಿಂದ ಬಿಡಿಸಿ ಬರೆದರು.

ಇಷ್ಟನ್ನೂ ಅಪ್ಪನಿಗೆ ಹೀಗೇ ಹೇಳಲಿಲ್ಲ. "ಕಟಾವಿಗೆ ಮೊದಲು ಗದ್ದಿ ನೀರು ಕಟ್ ಮಾಡ್ತೀರಲ್ಲ?" ಅಂದೆ.

"ಹೂಂ ರೀ. ಎಂಟ್ಹತ್ತು ದಿನ ಮೊದ್ಲು."

"ಕೂಸಿನ ಎದಿ ಅಂದ್ರ ನೀರು ನಿಂತ ಗದ್ದಿ. ಬ್ಯಾನಿ ಬಂದಾಗ ಆ ನೀರು ಕಟ್ ಆಗತೈತಿ, ಬಸಿಯಾಕ ಶುರುವಾಗತೈತಿ. ನಿಮ್ಮದು ಬಸಿಯೂದಕ್ಕ ಮೊದ್ಲ ಮಷಿನ್ ಇಳಿಸೀವಿ."

ಅವನು ಸ್ವಲ್ಪ ಹೊತ್ತು ಬಾಟಲಿಯನ್ನೇ ನೋಡಿದ. "ಹಸಿ ಗದ್ದ್ಯಾಗ ಟಯರ್ ಮಷಿನ್ ಹುಗಿತೈತ್ರಿ. ಚೈನ್ ಮಷಿನ್ನ ಬೇಕು." ಆಮೇಲೆ, "ಇದು ಚೈನ್ ಮಷಿನ್ ಇದ್ದಂಗ ಅನ್ರಿ."

ಹತ್ತು ವರ್ಷದಲ್ಲಿ ಸಿಪ್ಯಾಪ್ ಬಗ್ಗೆ ನಾನು ಇದಕ್ಕಿಂತ ಚೆನ್ನಾಗಿ ಯಾರಿಗೂ ಹೇಳಿಲ್ಲ.

ರಾತ್ರಿ ಮತ್ತು ಮರುದಿನ

ರಾತ್ರಿ ಹತ್ತಕ್ಕೆ 88. ಹನ್ನೊಂದರ ಸುಮಾರಿಗೆ ಅಪ್ಪ ಬೈಕಿನಲ್ಲಿ ಗಂಗಾವತಿಗೆ ಹೋಗಿ ಬಂದ. ಚಹಾದ ಫ್ಲಾಸ್ಕ್, ಒಳಗೆ ಐಸು, ಐಸಿನ ನಡುವೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಸಿರಿಂಜು. ಸಿರಿಂಜಿನಲ್ಲಿ ಮೊದಲ ಹಾಲು, ಹಳದಿ, 3 ಎಂಎಲ್. ಅಲ್ಲಿಯ ಸಿಸ್ಟರ್ ಒಬ್ಬರು ಕೂತು ಹಿಂಡಿಸಿಕೊಟ್ಟಿದ್ದರು. ಎರಡು ಹನಿ ಕೂಸಿನ ಕೆನ್ನೆಯ ಒಳಗೆ ಸವರಿದೆ. ಉಳಿದದ್ದು ಫ್ರಿಜ್ಜಿಗೆ.

ಎರಡು ಗಂಟೆಗೆ 80. ನರಳಾಟ ನಿಂತಿತ್ತು. ಯಾವಾಗ ನಿಂತಿತು ಅಂತ ಗೊತ್ತಾಗಲಿಲ್ಲ, ಬಾಟಲಿಯ ಸದ್ದೊಂದೇ ಕೇಳುತ್ತಿದೆ ಅಂತ ಆಮೇಲೆ ಹೊಳೆಯಿತು. ಬೆಳಿಗ್ಗೆ ಆರಕ್ಕೆ 72. ಫ್ರಿಜ್ಜಿನ ಹಾಲು ಬಾಯಿಯ ನಳಿಗೆಯಿಂದ ಹೊಟ್ಟೆಗೆ ಹೋಯಿತು. ಮಧ್ಯಾಹ್ನ 66, ಆಕ್ಸಿಜನ್ 21 ಪರ್ಸೆಂಟಿಗೆ ಇಳಿದಿತ್ತು. ಅಂದರೆ ನಾವು ನೀವು ಉಸಿರಾಡುವ ಗಾಳಿಯೇ. ಎರಡು ಗಂಟೆಗೆ ಸಿಪ್ಯಾಪ್ ತೆಗೆದರು. ಒಟ್ಟು 24 ತಾಸು. ರಾತ್ರಿ 58.

ಡಾಕ್ಟರ್ ಪ್ರಶ್ನೆ ಗುರುತು ಹೊಡೆದುಹಾಕಿದರು. ಆಂಟಿಬಯೋಟಿಕ್ ಹಾಕುವ ಪ್ರಸಂಗ ಬರಲಿಲ್ಲ. 48 ತಾಸಿನ ಕಲ್ಚರ್‌ನಲ್ಲಿ ಏನೂ ಬೆಳೆದಿರಲಿಲ್ಲ. ಮೂರನೇ ದಿನ ತಾಯಿ ಬಂದಳು, ಹೊಟ್ಟೆ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು. ಕೂಸನ್ನು ಅವಳು ಸರಿಯಾಗಿ ನೋಡಿದ್ದು ಆಗಲೇ. ಎದೆಗೆ ಹಾಕಿದರೆ ಮೊದಲು ನಿದ್ದೆ ಮಾಡಿತು, ಎರಡನೇ ಸಲ ಗಟ್ಟಿ ಹಿಡಿಯಿತು. ಐದನೇ ದಿನ ಮನೆಗೆ.

ತಪ್ಪಿಸಬಹುದಿತ್ತಾ

ಖಾತ್ರಿಯಾಗಿ ಹೌದು ಅನ್ನಲಾರೆ. 39 ವಾರಕ್ಕೆ ಮಾಡಿದರೂ ಕೆಲವು ಕೂಸುಗಳಿಗೆ ಬರುತ್ತದೆ, ಸಹಜ ಹೆರಿಗೆಯಲ್ಲೂ ಬರುತ್ತದೆ, ಗಂಡು ಕೂಸುಗಳಿಗೆ ತುಸು ಜಾಸ್ತಿ. ಆದರೆ ವಾರಗಳ ಲೆಕ್ಕ ಸಣ್ಣದಲ್ಲ. ಡೆನ್ಮಾರ್ಕಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಮೊದಲೇ ದಿನ ಗೊತ್ತುಮಾಡಿದ ಸಿಸೇರಿಯನ್ ಕೂಸುಗಳನ್ನ ನೋಡಿದ್ದರು. 37ನೇ ವಾರದಲ್ಲಿ 100ಕ್ಕೆ 10 ಕೂಸುಗಳಿಗೆ ಉಸಿರಾಟದ ತೊಂದರೆ, 38ರಲ್ಲಿ 5, 39ರಲ್ಲಿ 2. ನಮ್ಮ ರಾಜ್ಯದಲ್ಲಿ 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 100 ಹೆರಿಗೆಯಲ್ಲಿ 31 ಸಿಸೇರಿಯನ್. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಘಟಕದ ಹಾಸಿಗೆಗಳು ಯಾಕೆ ತುಂಬುತ್ತವೆ ಅನ್ನೋದು ಸ್ವಲ್ಪ ಗೊತ್ತಾಗುತ್ತದೆ.

ತಾಯಿಗೆ ಬಿಪಿ ಏರಿದ್ದರೆ, ಕೂಸಿನ ಬೆಳವಣಿಗೆ ನಿಂತಿದ್ದರೆ ಕಾಯಬಾರದು. ಆಗ ಎರಡು ದಿನದ ಏದುಸಿರು ಏನೂ ಅಲ್ಲ. ಬೇಗ ಮಾಡಲೇಬೇಕಾದ ಕಡೆ ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುವ ದಾರಿಯೂ ಇದೆ, ಆದರೆ ಅದರಿಂದ ಕೂಸಿನ ಸಕ್ಕರೆ ಇಳಿಯಬಹುದು. ಇಲ್ಲಿ ಅಂಥ ಕಾರಣ ಯಾವುದೂ ಇರಲಿಲ್ಲ. ಇದ್ದದ್ದು ಕಟಾವು ಮಷಿನ್ ಒಂದೇ.

ಎರಡು ವಾರ ಬಿಟ್ಟು ತೋರಿಸೋಕೆ ಬಂದರು. ತೂಕ 3 ಕೆಜಿ. ಉಸಿರು ನಾನೇ ಎಣಿಸಿದೆ, ಪೂರ್ತಿ ಒಂದು ನಿಮಿಷ. ಅಜ್ಜಿಯೂ ನನ್ನ ಜೊತೆ ತುಟಿ ಆಡಿಸುತ್ತಾ ಎಣಿಸಿದಳು. ನನಗೆ 46, ಅವಳಿಗೆ 45. "ಮುಂದ ದಮ್ಮು ಬರತೈತೇನ್ರಿ?" ಅಂದಳು. ಇಂಥ ಕೆಲವು ಮಕ್ಕಳಿಗೆ ಮುಂದೆ ಉಬ್ಬಸ ತುಸು ಜಾಸ್ತಿ ಕಂಡಿದೆ, ಹೆಚ್ಚಿನವು ಆರಾಮಾಗಿ ಬೆಳೆಯುತ್ತವೆ, ಮನೆಯಲ್ಲಿ ಬೀಡಿ ಹೊಗೆ ಬೇಡ ಅಂದೆ. ಅವಳು ಮಗನ ಕಡೆ, ಅಂದರೆ ಕೂಸಿನ ಅಪ್ಪನ ಕಡೆ, ತಿರುಗಿ ನೋಡಿದಳು.

ಮಗ ಆ ಮಾತು ಹಾರಿಸಿ ಇನ್ನೊಂದು ತಾಯಿ ಕಾರ್ಡು ತೆಗೆದ. ಅವನ ತಮ್ಮನ ಹೆಂಡತಿಯದು. ಅವಳದೂ ಮೊದಲನೆಯದು ಸಿಸೇರಿಯನ್, ಈಗ 26 ವಾರ. "ಇಕಿಗೆ 39 ಯಾವಾಗ ತುಂಬತಾವ ನೋಡ್ರಿ ಅಕ್ಕಾರ."

ಗೋಡೆಯ ಕ್ಯಾಲೆಂಡರಿನಲ್ಲಿ 13 ವಾರ ಎಣಿಸಿದೆ. ಜುಲೈ ಮೂರನೇ ವಾರ ಬಂತು.

ಅವನು ತಲೆ ಕೆರೆದುಕೊಂಡ. "ಅವಾಗ ಕಾಲುವಿಗೆ ನೀರು ಬಿಡ್ತಾರ್ರಿ. ನಾಟಿ ಇರತೈತಿ."